ಗೋಡೆಯೊಳಗಿನ ಜೊಂಡು

ನಾನು ಜೊಂಡು ಕದ್ದೆ ಎಂಬ ಸುದ್ದಿ ಮಹಲ್ಲಾದ ಎಲ್ಲರ ಕಿವಿಗೂ ಬಿದ್ದು ಮುಗಿದ ಮೇಲೆ ಕೊನೆಗೆ ನನ್ನ ಕಿವಿಗೆ ಬಿತ್ತು. ಮೂವತ್ತೆಂಟು ವರ್ಷದಿಂದ ಈ ಊರಲ್ಲಿ ಗೋಡೆ ಕಟ್ಟುತ್ತಿದ್ದೇನೆ. ನನ್ನ ಗಡ್ಡ ಬೆಳ್ಳಗಾಯಿತು, ಆದರೆ ನಾನು ಎಬ್ಬಿಸಿದ ಗೋಡೆ ಒಂದೂ ಬೆಳ್ಳಗಾಗಲಿಲ್ಲ ಎಂದು ಚಾಯ್‌ಖಾನಾದಲ್ಲಿ ಕೂತು ಹೇಳಿಕೊಳ್ಳುತ್ತಿದ್ದವನು ನಾನು. ಜಂಬ ಅನ್ನಿ, ಬೇಜಾರಿಲ್ಲ. ಕೆಲಸ ಬಲ್ಲವನು ಸುಮ್ಮನಿದ್ದರೆ ಬಾರದವನು ಜಂಬ ಕೊಚ್ಚುತ್ತಾನೆ, ಅದಕ್ಕಿಂತ ಇದೇ ವಾಸಿ.

ಖಿವಾ ಸುತ್ತಮುತ್ತಲ ನೆಲದಲ್ಲಿ ಉಪ್ಪು ಬಹಳ. ಮಾರ್ಚ್ ಬಂತೆಂದರೆ ಹೊಲಗಳಿಗೆ ನೀರು ತುಂಬಿ ನಿಲ್ಲಿಸಿ ಉಪ್ಪು ತೊಳೆಯುತ್ತೇವೆ. ಹೊಲವನ್ನು ತೊಳೆಯಬಹುದು, ಗೋಡೆಯನ್ನು ತೊಳೆಯಲಾಗುವುದಿಲ್ಲ. ನೆಲದ ತೇವ ಇಟ್ಟಿಗೆಯೊಳಗೆ ಏರುತ್ತದೆ, ಜೊತೆಗೆ ಉಪ್ಪೂ ಏರುತ್ತದೆ. ನೀರು ಆರಿಹೋಗುತ್ತದೆ, ಉಪ್ಪು ಉಳಿದು ಹರಳುಗಟ್ಟಿ ಇಟ್ಟಿಗೆಯನ್ನು ಒಳಗಿನಿಂದಲೇ ಒಡೆಯುತ್ತದೆ. ಹತ್ತು ವರ್ಷದಲ್ಲಿ ಗೋಡೆಯ ಬುಡ ಇಲಿ ತಿಂದ ರೊಟ್ಟಿಯಂತಾಗುತ್ತದೆ. ಅದಕ್ಕೇ ಅಡಿಪಾಯ ಮುಗಿದು ಗೋಡೆ ಶುರುವಾಗುವ ಕಡೆ, ನೆಲದಿಂದ ಒಂದು ಗೇಣು ಮೇಲೆ, ನಾಲ್ಕು ಬೆರಳು ದಪ್ಪಕ್ಕೆ ಒಣ ಜೊಂಡು ಹಾಸಿ ಅದರ ಮೇಲೆ ಇಟ್ಟಿಗೆ ಏರಿಸುತ್ತೇವೆ. ತೇವ ಜೊಂಡಿನ ಕೆಳಗೇ ನಿಲ್ಲುತ್ತದೆ. ನನ್ನ ಅಜ್ಜ ಹಾಗೆ ಮಾಡಿದ, ಅಪ್ಪ ಮಾಡಿದ, ನಾನೂ ಮಾಡುತ್ತೇನೆ. ಜೊಂಡು ತಪ್ಪಿಸಿ ಗೋಡೆ ಕಟ್ಟುವವನನ್ನು ನಮ್ಮಲ್ಲಿ ಉಸ್ತಾ, ಅಂದರೆ ಮೇಸ್ತ್ರಿ, ಎಂದು ಯಾರೂ ಕರೆಯುವುದಿಲ್ಲ.

ಸುದ್ದಿ ತಂದವಳು ನನ್ನ ಹೆಂಡತಿ ಒಗುಲ್‌ಜಾನ್. ಪಕ್ಕದ ಮನೆಯ ತಂದೂರಿನಲ್ಲಿ ರೊಟ್ಟಿ ಸುಟ್ಟುಕೊಂಡು ಬಂದಳು. ರೊಟ್ಟಿಯ ಗಂಟನ್ನು ಕೆಳಗಿಡದೆ ಬಾಗಿಲಲ್ಲೇ ನಿಂತಳು.

"ಕಲಂದರ್ ಮನೆ ಗೋಡೆಗೆ ಉಪ್ಪು ಹತ್ತಿದ್ಯಂತೆ. ಸೊಂಟದ ಮಟ್ಟ."

"ಯಾವ ಕಲಂದರ್?"

"ನೀವ್ ಕಟ್ಟಿದ್ದ ಮನೆ ಕಲಂದರ್. ಉಸ್ತಾ ಜೊಂಡು ಹಾಕ್ಲೇ ಇಲ್ಲ, ನಾವ್ ತಂದ್ಕೊಟ್ಟ ಜೊಂಡನ್ನೆಲ್ಲ ತಿಂದುಬಿಟ್ಟ ಅಂತ ಹೇಳ್ಕೊಂಡ್ ಓಡಾಡ್ತಿದಾನಂತೆ. ಹದಿನೈದು ದಿನ ಆಯ್ತಂತೆ."

"ಜೊಂಡು ತಿನ್ನೋಕೆ ನಾನೇನು ದನಾನ?" ಅಂದೆ. ಹೆಂಡತಿ ನಗಲಿಲ್ಲ. ಆಗ ನನಗೆ ಅರ್ಥವಾಯಿತು. ಸಬೀರ್ ಬಾಬಾ ನಮ್ಮ ಮಹಲ್ಲಾದ ಹಿರಿಯ. ಮೊಮ್ಮಗನ ಮನೆ ಕೆಲಸ ಶುರುಮಾಡೋಣ ಉಸ್ತಾ ಎಂದು ಚಳಿಗಾಲದಲ್ಲೇ ಹೇಳಿದ್ದವರು ಈಚೆಗೆ ಎದುರು ಸಿಕ್ಕರೆ ಹವಾಮಾನದ ಮಾತಷ್ಟೇ ಆಡಿ ಮುಂದೆ ಹೋಗುತ್ತಿದ್ದರು. ಮುದುಕರು, ಮರೆವು ಎಂದುಕೊಂಡಿದ್ದೆ. ಮೈಯೆಲ್ಲ ಉರಿದುಹೋಯಿತು. ಕರಣೆ ಚೀಲಕ್ಕೆ ಹಾಕಿಕೊಂಡು ನೇರ ಕಲಂದರನ ಮನೆಗೆ ನಡೆದೆ.

ಕಲಂದರ್ ಹತ್ತಿ ಗಿರಣಿಯಲ್ಲಿ ಯಂತ್ರ ನೋಡಿಕೊಳ್ಳುವವನು, ಐವತ್ತರ ಹತ್ತಿರದವನು, ಒಳ್ಳೆಯ ಮನುಷ್ಯ. ಅಂಗಳದಲ್ಲಿ ಏಪ್ರಿಕಾಟ್ ಗಿಡದ ಕೊಂಬೆ ಕತ್ತರಿಸುತ್ತಿದ್ದ. ನನ್ನನ್ನು ಕಂಡು ಕತ್ತರಿ ಕೆಳಗಿಟ್ಟ, ಸಲಾಮ್ ಹೇಳಿದ, ಚಹಾ ಕುಡೀರಿ ಅಂದ. ನಮ್ಮಲ್ಲಿ ಕಳ್ಳ ಎಂದು ಬೈಸಿಕೊಂಡವನನ್ನೂ ಚಹಾಕ್ಕೆ ಕರೆಯಲೇಬೇಕು.

"ಚಹಾ ಆಮೇಲೆ. ಗೋಡೆ ತೋರ್ಸು," ಅಂದೆ.

ತೋರಿಸಿದ. ನೋಡಿ ನನಗೇ ಸಂಕಟವಾಯಿತು. ಬಡಗಣ ಗೋಡೆಯುದ್ದಕ್ಕೂ ಸೊಂಟದ ಮಟ್ಟದಲ್ಲಿ ಬಿಳಿ ಪಟ್ಟೆ. ಬೆರಳಲ್ಲಿ ತಟ್ಟಿದರೆ ಇಟ್ಟಿಗೆ ಪುಡಿಪುಡಿ. ಅದರ ಕೆಳಗೆಲ್ಲ ಬೂದು ಬಣ್ಣದ ಸಿಮೆಂಟ್ ಗಿಲಾವು.

"ನನ್ನ ಗೋಡೆಗೆ ಸಿಮೆಂಟ್ ಮೆತ್ತಿದ್ದು ಯಾರು?"

"ನಾನೇ. ಮೊದ್ಲು ಮೊಣಕಾಲು ಮಟ್ಟಕ್ಕೆ ಬಿಳಿ ಬಂತು, ಅಲ್ಲೀವರೆಗೂ ಬಳಿದೆ. ಅದರ ಮೇಲೆ ಬಂತು, ಇನ್ನೂ ಮೇಲಕ್ಕೆ ಬಳಿದೆ."

"ಸಿಮೆಂಟ್ ಮೆತ್ತಿದ್ರೆ ಗೋಡೆಗೆ ಉಸಿರಾಡೋಕೆ ಜಾಗ ಎಲ್ಲಿ? ಕೆಳಗೆ ಆರೋ ನೀರು ಮೇಲಕ್ ಹತ್ತುತ್ತೆ, ಉಪ್ಪೂ ಅದರ ಜೊತೆ ಹೋಗುತ್ತೆ. ನೀನೇ ಏಣಿ ಹಾಕ್ಕೊಟ್ಟಿದೀಯ."

"ನೀವ್ ಜೊಂಡು ಹಾಕಿದ್ರೆ ನಾನ್ಯಾಕೆ ಸಿಮೆಂಟ್ ಬಳೀಬೇಕಿತ್ತು, ಉಸ್ತಾ?" ಮೆತ್ತಗೇ ಕೇಳಿದ. ಮೆತ್ತಗೆ ಕೇಳಿದ್ದಕ್ಕೇ ಹೆಚ್ಚು ಚುಚ್ಚಿತು.

"ಹಾಕಿದೀನಿ. ಈಗ್ಲೇ ತೋರಿಸ್ತೀನಿ ಇರು," ಎಂದು ಕರಣೆ ತೆಗೆದು ಗೋಡೆಯ ಬುಡದಲ್ಲಿ ಸಿಮೆಂಟ್ ಕೆರೆದೆ. ಇಟ್ಟಿಗೆ. ಪಕ್ಕದಲ್ಲಿ ಕೆರೆದೆ. ಅಲ್ಲೂ ಇಟ್ಟಿಗೆ. ನೆಲಕ್ಕೆ ಮೂಗು ತಾಗುವಷ್ಟು ಬಗ್ಗಿ ಒಂದು ಮಾರು ಉದ್ದಕ್ಕೂ ಕೆರೆದೆ. ಜೊಂಡಿನ ಒಂದು ಕಡ್ಡಿಯೂ ಸಿಗಲಿಲ್ಲ. ಚಹಾ ಕುಡಿಯದೆ ಎದ್ದು ಬಂದೆ.

ದಾರಿಯಲ್ಲಿ ನನ್ನ ತಲೆಯೇ ನನ್ನ ಮೇಲೆ ತಿರುಗಿಬಿತ್ತು. ಕಲಂದರನ ಮನೆ ಕಟ್ಟಿದ್ದು ಹದಿನಾಲ್ಕು ವರ್ಷದ ಹಿಂದೆ. ಆ ವರ್ಷ ನಾನು ಮೂರು ಮನೆ ಒಟ್ಟೊಟ್ಟಿಗೆ ಹಿಡಿದಿದ್ದೆ. ಬೆನ್ನುನೋವೆಂದು ಒಂದು ವಾರ ಮಲಗಿದ್ದೂ ಉಂಟು. ಕೂಲಿಯವರು ತಪ್ಪಿಸಿದರೇ? ಇಲ್ಲ, ಜೊಂಡನ್ನು ನಾನು ಯಾರ ಕೈಗೂ ಬಿಡುವವನಲ್ಲ. ಹಾಗಾದರೆ ಎಲ್ಲಿ ಹೋಯಿತು? ಕಳ್ಳ ಅನ್ನಿಸಿಕೊಳ್ಳುವುದು ಕಷ್ಟ, ನಿಜ. ನಾನು ಕಳ್ಳನೇ ಇರಬಹುದು ಎಂದು ನನಗೇ ಅನುಮಾನ ಬಂದದ್ದು ಅದಕ್ಕಿಂತ ಕಷ್ಟವಾಯಿತು.

ಮನೆಯಲ್ಲಿ ಮಗಳು ಇಂತಿಜಾರ್ ಶಾಲೆಯಿಂದ ಬಂದು ಚಹಾ ಸೋಸುತ್ತಿದ್ದಳು. ಅವಳು ಶಾಲೆಯಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಾಳೆ. ಮೂವತ್ತು ದಾಟಿದೆ, ಗಂಡ ಕೊರಿಯಾದಲ್ಲಿ ಕೆಲಸಕ್ಕಿದ್ದಾನೆ, ಇವಳು ಇಲ್ಲೇ ನಮ್ಮ ಕೂಡ ಇದ್ದಾಳೆ. ಹುಟ್ಟಿದಾಗಿನಿಂದ ಪ್ರಶ್ನೆ ಕೇಳುವುದೇ ಅವಳ ಉದ್ಯೋಗ. ಉತ್ತರ ಕೊಟ್ಟರೆ ಆ ಉತ್ತರದ ಮೇಲೆ ಇನ್ನೊಂದು ಕೇಳುತ್ತಾಳೆ. ನಾನು ನಡೆದದ್ದನ್ನೆಲ್ಲ ಹೇಳಿದೆ. ಬೇರೆ ಹೆಣ್ಣುಮಕ್ಕಳಾದರೆ ಕಲಂದರನಿಗೆ ಎರಡು ಶಾಪ ಹಾಕಿ ಅಪ್ಪನಿಗೆ ಸಮಾಧಾನ ಮಾಡುತ್ತಿದ್ದರು. ಇವಳು ಸಕ್ಕರೆ ಡಬ್ಬಿ ತಂದಳು.

ತಟ್ಟೆಯಲ್ಲಿ ಸಕ್ಕರೆಯ ಗಟ್ಟಿಯೊಂದನ್ನು ನಿಲ್ಲಿಸಿ ಬುಡಕ್ಕೆ ಒಂದು ಚಮಚ ಚಹಾ ಬಿಟ್ಟಳು. ಚಹಾ ಸಕ್ಕರೆಯೊಳಗೆ ಸರಸರ ಏರಿ ತುದಿಯವರೆಗೂ ಕಂದಾಯಿತು.

"ಇದು ಜೊಂಡಿಲ್ಲದ ಗೋಡೆ," ಅಂದಳು.

"ನನಗೇ ಪಾಠ ಮಾಡ್ತೀಯಾ?"

"ಇರಿ ಅತಾ." ಇನ್ನೊಂದು ಗಟ್ಟಿ ಇಟ್ಟು, ಅದರ ಮೇಲೆ ಪೊರಕೆಯ ನಾಲ್ಕು ಕಡ್ಡಿ ತುಂಡು ಹಾಸಿ, ಮೇಲೆ ಮತ್ತೊಂದು ಗಟ್ಟಿ ಕೂರಿಸಿದಳು. ಬುಡಕ್ಕೆ ಚಹಾ ಬಿಟ್ಟಳು. ಕೆಳಗಿನದು ನೆನೆಯಿತು, ಮೇಲಿನದು ಬೆಳ್ಳಗೆ ಹಾಗೇ ಇತ್ತು. "ಇದು ನಿಮ್ಮ ಗೋಡೆ. ಇದಕ್ಕೆ ಉಪ್ಪು ಹತ್ತಬೇಕು ಅಂದ್ರೆ ಏನ್ ಮಾಡ್ಬೇಕು?"

"ಏನ್ ಮಾಡಿದ್ರೂ ಹತ್ತಲ್ಲ."

ಅವಳು ತಟ್ಟೆಗೆ ಚಹಾ ಸುರಿಯುತ್ತಾ ಹೋದಳು. ಚಹಾ ಕಡ್ಡಿಗಳನ್ನು ಮುಳುಗಿಸಿ ಮೇಲೆ ಬಂತು. ಮೇಲಿನ ಗಟ್ಟಿ ಒಂದೇ ಉಸಿರಿಗೆ ಕಂದಾಗಿ ಕುಸಿದುಹೋಯಿತು. ಒಗುಲ್‌ಜಾನ್ ಒಳಗಿನಿಂದ, "ಒಂದ್ ಮನೆಗಾಗೋಷ್ಟು ಸಕ್ಕರೆ ಹಾಳ್ ಮಾಡಿದ್ರಲ್ಲ ಅಪ್ಪ ಮಗಳು," ಎಂದು ಗೊಣಗಿದಳು. ನಾನು ತಟ್ಟೆಯನ್ನೇ ನೋಡುತ್ತಾ ಕೂತೆ.

"ಅತಾ, ಕಲಂದರ್ ಅಕಾ ಮನೆ ಒಳಗೆ ಹೋಗೋಕೆ ಎಷ್ಟು ಮೆಟ್ಟಿಲು?" ಎಂದು ಮಗಳು ಕೇಳಿದಳು.

"ಮೂರು. ನಾನೇ ಕಟ್ಟಿದ್ದು."

"ಇವತ್ತು ಎಷ್ಟು ಹತ್ತಿದ್ರಿ?"

ನಾನು ಒಳಗೆ ಹೋಗಿರಲಿಲ್ಲ, ಆದರೆ ಬಾಗಿಲು ಕಣ್ಣ ಮುಂದೆ ಬಂತು. ಕಲಂದರನ ಚಪ್ಪಲಿಗಳು ಹೊಸ್ತಿಲಿನ ಪಕ್ಕದಲ್ಲೇ, ಅಂಗಳದ ಮಟ್ಟದಲ್ಲೇ ಇದ್ದವು. ಮೂರು ಮೆಟ್ಟಿಲೂ ಇರಲಿಲ್ಲ. ಮೆಟ್ಟಿಲನ್ನು ಯಾರೂ ಕದ್ದಿರಲಿಲ್ಲ. ಅವು ಮಣ್ಣಿನ ಕೆಳಗೆ ಹೋಗಿದ್ದವು. ನೆಲ ಮೇಲಕ್ಕೆ ಬಂದು ನನ್ನ ಜೊಂಡನ್ನು ನುಂಗಿತ್ತು.

ಈ ಸಂಗತಿಯನ್ನು ಕಲಂದರನ ಕಿವಿಯಲ್ಲಿ ಹೇಳಿ ಮುಗಿಸಬಹುದಿತ್ತು. ಅವನು ಹೇಳಿದ್ದು ಊರಿಗೆಲ್ಲ, ನಾನೇಕೆ ಕಿವಿಯಲ್ಲಿ ಹೇಳಲಿ? ಮರುದಿನ ಚಾಯ್‌ಖಾನಾಕ್ಕೆ ಹೋದೆ. ಸಬೀರ್ ಬಾಬಾ, ಕಲಂದರ್, ಇನ್ನೂ ಹತ್ತು ಜನ ಕಟ್ಟೆಯ ಮೇಲೆ ಕೂತಿದ್ದರು.

"ಶುಕ್ರವಾರ ನಮಾಜ್ ಆದ್ಮೇಲೆ ಎಲ್ರೂ ಕಲಂದರ್ ಮನೆಗೆ ಬನ್ನಿ," ಅಂದೆ. "ಸಲಿಕೆ ತನ್ನಿ. ಜೊಂಡು ಸಿಗ್ಲಿಲ್ಲ ಅಂದ್ರೆ ನನ್ನ ಕರಣೇನ ಬಾಬಾ ಅವರ ಕೈಗೆ ಕೊಟ್ಟು ಮನೇಲಿ ಕೂರ್ತೀನಿ. ಸಿಕ್ರೆ ಚಹಾ ಕಲಂದರ್ ಲೆಕ್ಕ."

"ಸಿಕ್ರೆ ಪುಲಾವ್ ನನ್ನ ಲೆಕ್ಕ," ಅಂದ ಕಲಂದರ್.

ಶುಕ್ರವಾರ ಇಡೀ ಮಹಲ್ಲಾ ಬಂತು. ಪುಲಾವಿನ ಮಾತು ಕೇಳಿಯೇ ಅರ್ಧ ಜನ ಬಂದಿದ್ದರು ಅನ್ನುವುದು ನನಗೆ ಗೊತ್ತು. ಇಂತಿಜಾರ್ ಕೂಡ ಬಂದು ಹೆಂಗಸರ ಜೊತೆ ತಂದೂರಿನ ಪಕ್ಕ ನಿಂತಳು. ಗೋಡೆಯ ಬುಡದಲ್ಲಿ ಒಂದು ಗೇಣು ಅಗಲಕ್ಕೆ ಗೆರೆ ಎಳೆದೆ, ನಾನೇ ಸಲಿಕೆ ಹಿಡಿದೆ. ಮೇಲಿನ ಮಣ್ಣು ಮೆತ್ತಗಿತ್ತು, ಬೂದು ಬಣ್ಣ, ಕಾಲುವೆಯ ಹೂಳು. ನಾಲ್ಕು ಬೆರಳು ಹೋಯಿತು, ಏನೂ ಇಲ್ಲ. ಯಾರೋ ಕೆಮ್ಮಿದರು. ಎಂಟು ಬೆರಳು ಹೋಯಿತು. ಹೂಳು ಒದ್ದೆಯಾಗುತ್ತಾ ಬಂತು. ಒಂದು ಗೇಣಿಗೆ ಸರಿಯಾಗಿ ಸಲಿಕೆ ತುದಿಗೆ ಏನೋ ಕರಕರ ಎಂದಿತು. ಸಲಿಕೆ ಬಿಸಾಕಿ ಕೈಯಿಂದ ಮಣ್ಣು ಸರಿಸಿದೆ.

ಜೊಂಡು. ನಾಲ್ಕು ಬೆರಳು ದಪ್ಪ, ಸಾಲು ಎಲ್ಲೂ ತಪ್ಪಿರಲಿಲ್ಲ. ಮಣ್ಣು ತಾಗಿದ ತುದಿಗಳು ಕಪ್ಪಾಗಿದ್ದವು. ಒಂದು ಕಡ್ಡಿ ಎಳೆದು ಮುರಿದು ತೋರಿಸಿದೆ. ಒಳಗೆ ಇನ್ನೂ ಹಳದಿ.

"ತಿಂದಿಲ್ಲ, ನೋಡ್ಕೊಳ್ಳಿ," ಅಂದೆ.

ಜನ ನಕ್ಕರು. ನನ್ನ ಬೆನ್ನು ತಟ್ಟಿದರು. ಸಬೀರ್ ಬಾಬಾ ಕೋಲೂರಿ ಬಗ್ಗಿ, ಜೊಂಡನ್ನು ಮುಟ್ಟಿ ನೋಡಿ, "ಮೊಮ್ಮಗನ ಮನೆ ಪಾಯ ಯಾವಾಗ ಹಾಕೋಣ ಉಸ್ತಾ?" ಅಂದರು. ಕಲಂದರ್ ನನ್ನ ಎರಡೂ ಕೈ ಹಿಡಿದುಕೊಂಡ. ಅವನ ಕಣ್ಣಲ್ಲಿ ನೀರಿತ್ತು. "ಉಸ್ತಾ, ನನ್ನ ಮಾತನ್ನ ಹೊಟ್ಟೆಗೆ ಹಾಕ್ಕೊಳ್ಳಿ. ನನ್ನ ನಾಲಿಗೆಗೆ ಬುದ್ಧಿ ಇರ್ಲಿಲ್ಲ," ಅಂದ. ನನಗೆ ಎಷ್ಟು ಖುಷಿಯಾಯಿತೆಂದರೆ, ಸುಳ್ಳು ಹೇಳಲಾರೆ, ಅವನು ಇನ್ನೊಂದು ಸಲ ಗಟ್ಟಿಯಾಗಿ ಹೇಳಲಿ ಅನ್ನಿಸಿತು.

ಆಗ ಇಂತಿಜಾರ್ ತಂದೂರಿನ ಕಡೆಯಿಂದ ಕೇಳಿದಳು. "ಕಲಂದರ್ ಅಕಾ, ಅಂಗಳಕ್ಕೆ ಇಷ್ಟು ಹೂಳು ಯಾಕೆ ಹಾಕಿದ್ರಿ?"

"ಅಂಗಳ ಒದ್ದೆಯಾಗ್ತಿತ್ತಮ್ಮ. ಹತ್ತು ವರ್ಷದ ಹಿಂದೆ ಕೆಳಗಿಂದ ನೀರು ಜಿನುಗೋಕೆ ಶುರುವಾಯ್ತು. ಪ್ರತಿ ವಸಂತದಲ್ಲಿ ಎಲ್ರೂ ಸೇರಿ ಕಾಲುವೆ ಹೂಳೆತ್ತೋ ಹಶರ್ ಇರುತ್ತಲ್ಲ, ಆ ಹೂಳು ದಡದಲ್ಲೇ ಬಿದ್ದಿರುತ್ತೆ. ತಂದು ಸುರಿದೆ. ವರ್ಷಾ ವರ್ಷಾ ಸುರಿದೆ."

"ಜೊಂಡು ಮುಚ್ಚುತ್ತೆ ಅಂತ ಗೊತ್ತಾಗ್ಲಿಲ್ವಾ?"

"ನನಗೇನ್ ಗೊತ್ತಮ್ಮ, ನಾನ್ ಯಂತ್ರದವನು. ನೆಲ ಎತ್ತರಿಸು, ಸರಿಹೋಗುತ್ತೆ ಅಂತ ಹೇಳಿದ್ರು..."

"ಯಾರು ಹೇಳಿದ್ರು?"

ಕಲಂದರ್ ಬಾಯಿ ತೆರೆದ. ನನ್ನ ಕಡೆ ಒಂದು ಸಲ ನೋಡಿದ. ಆಮೇಲೆ ನಾನು ತೋಡಿದ ಹಳ್ಳದ ಕಡೆ ನೋಡುತ್ತಾ, "ಯಾರೋ ಹೇಳಿದ್ರು. ನೆನಪಿಲ್ಲ," ಅಂದ.

ನನಗೆ ನೆನಪಾಯಿತು. ಇದೇ ಅಂಗಳ, ಇದೇ ಗಿಡದ ಕೆಳಗೆ. ಅವನ ಮಗಳ ಮದುವೆಯ ಮಾತುಕತೆಗೆ ಬಂದಿದ್ದೆ. ಪಿಯಾಲೆಯಲ್ಲಿ ಹಸಿರು ಚಹಾ ಹಿಡಿದು ಕೂತಿದ್ದೆ, ಕಾಲ ಕೆಳಗಿನ ಚಾಪೆ ಒದ್ದೆಯಾಗಿತ್ತು. ಕಲಂದರ್, ಏನು ಮಾಡಲಿ ಉಸ್ತಾ ಎಂದು ಕೇಳಿದ. ನಾನು ಯೋಚನೆಯನ್ನೇ ಮಾಡದೆ ಕಾಲುವೆ ದಡದ ಕಡೆ ಕೈ ತೋರಿಸಿ, ದೇವರೇ ತಂದು ಹಾಕಿದ್ದಾನೆ, ಹೊತ್ತು ತಂದು ಸುರಿ, ನೀರು ಮೇಲೆ ಬಂದರೆ ನೀನೂ ಮೇಲೆ ಹೋಗು ಎಂದಿದ್ದೆ. ಅಷ್ಟೇ ಅಲ್ಲ, ಆ ಮಾತು ನನಗೆ ಬಹಳ ಚೆನ್ನಾಗಿದೆ ಅನ್ನಿಸಿ ಆ ವರ್ಷವೆಲ್ಲ ಸಿಕ್ಕಸಿಕ್ಕವರಿಗೆ ಹೇಳಿಕೊಂಡು ಬಂದಿದ್ದೆ.

ಮಾಡದ ತಪ್ಪಿಗೆ ಹದಿನೈದು ದಿನ ನನ್ನನ್ನು ಕಳ್ಳ ಎಂದವನು, ಮಾಡಿದ ತಪ್ಪು ಬಾಯಿಗೆ ಬಂದಾಗ ನುಂಗಿಕೊಂಡ. ಜನ ಪುಲಾವಿನ ಕಡೆ ತಿರುಗುತ್ತಿದ್ದರು. ನಾನು ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬಾಬಾ ಅವರ ಮೊಮ್ಮಗನ ಮನೆ ಕೆಲಸ ನನ್ನದು, ಹೆಸರು ನನ್ನದು. ಸುಮ್ಮನಿರಬೇಕು ಎಂದು ನನಗೆ ನಿಜವಾಗಿ ಅನ್ನಿಸಿತು. ಆದರೆ ಆ ಹಳ್ಳದ ಅಂಚಲ್ಲಿ ನಿಂತು ಕಲಂದರನ ಮುಖ ನೋಡಿದರೆ ಸುಮ್ಮನಿರಲು ಆಗಲಿಲ್ಲ.

"ನಾನೇ ಹೇಳಿದ್ದು," ಅಂದೆ.

ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ. "ಅಂಗಳ ಎತ್ತರಿಸು ಅಂತ ಕಲಂದರ್‌ಗೆ ಹೇಳಿದ್ದು ನಾನು. ಜೊಂಡು ಹಾಕಿದ್ದೂ ನಾನು, ಮುಚ್ಚಿಸಿದ್ದೂ ನಾನು. ಕಳ್ಳ ಅಲ್ಲ, ದಡ್ಡ. ಅದನ್ನ ಬೇಕಾದ್ರೆ ಊರೆಲ್ಲ ಹೇಳ್ಕೊಳ್ಳಿ."

ಇಂತಿಜಾರ್ ಮುಖ ಕೆಂಪಾಯಿತು. ಆ ಸಲಹೆ ನನ್ನದೆಂದು ಅವಳಿಗೆ ನಿಜವಾಗಿ ಗೊತ್ತಿರಲಿಲ್ಲ. ಕಲಂದರ್ ತಲೆ ತಗ್ಗಿಸಿಕೊಂಡು, "ಬಿಡಿ ಉಸ್ತಾ, ಒಳ್ಳೇದಕ್ಕೇ ಹೇಳಿದ್ರಿ," ಅಂದ.

"ನಮ್ಮನೆಗೂ ಹೇಳಿದ್ರಲ್ಲ," ಎಂದು ಹೆಂಗಸರ ಗುಂಪಿನಿಂದ ಒಂದು ದನಿ ಬಂತು. "ನಾವೂ ಸುರಿದಿದೀವಿ."

"ನಮ್ಗೂ," ಅಂದ ಇನ್ನೊಬ್ಬ.

ಸಬೀರ್ ಬಾಬಾ ಕೋಲನ್ನು ಎರಡು ಸಲ ನೆಲಕ್ಕೆ ಕುಟ್ಟಿ ಎಲ್ಲರನ್ನೂ ಸುಮ್ಮನಾಗಿಸಿದರು. "ನಾನ್ ಸಣ್ಣವನಿದ್ದಾಗ ಬಾವಿಯಲ್ಲಿ ನೀರು ಎರಡಾಳು ಕೆಳಗಿತ್ತು. ಈಗ ಒಂದ್ ಮೊಳ ಅಗೆದ್ರೆ ಹಸಿ. ಅದು ಯಾಕೆ ಮೇಲೆ ಬಂತು? ಉಸ್ತಾ ಹೇಳಿದ್ಕೇ ಬಂತಾ?"

ಉತ್ತರ ನನಗೆ ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು. ಊರ ಹಿಂದಿನ ಬಸಿಗಾಲುವೆ, ಹೊಲ ತೊಳೆದ ಉಪ್ಪುನೀರು ಹರಿದುಹೋಗಬೇಕಾದ ಕಾಲುವೆ, ಈಗ ಕಾಲುವೆಯಂತೆ ಕಾಣುವುದಿಲ್ಲ. ಆಳೆತ್ತರ ಜೊಂಡು ಬೆಳೆದು ಮುಚ್ಚಿಹೋಗಿದೆ. ಮೊದಲೆಲ್ಲ ಪ್ರತಿ ಶರತ್ಕಾಲದಲ್ಲಿ ಚಾವಣಿಗೆ, ಗೋಡೆಗೆ, ಬೇಲಿಗೆ ಎಂದು ಜೊಂಡು ಕೊಯ್ಯುತ್ತಿದ್ದೆವು. ಈಗ ಚಾವಣಿಗೆ ತಗಡು, ಬೇಲಿಗೆ ತಂತಿ, ಕೊಯ್ಯುವವರಿಲ್ಲ. ನೀರು ತರುವ ಕಾಲುವೆಯನ್ನು ವರ್ಷಾ ವರ್ಷಾ ಚೊಕ್ಕ ಮಾಡುತ್ತೇವೆ. ನೀರು ಒಯ್ಯುವ ಕಾಲುವೆಯ ಕಡೆ ಯಾರೂ ತಿರುಗಿ ನೋಡಿರಲಿಲ್ಲ. ಹೊಲಕ್ಕೆ ಬಿಟ್ಟ ನೀರು ಹೋಗಲು ದಾರಿಯಿಲ್ಲದೆ ನಮ್ಮ ಅಂಗಳಕ್ಕೆ ಎದ್ದು ಬರುತ್ತಿತ್ತು. ಇದನ್ನೆಲ್ಲ ನಾನು ಅಲ್ಲೇ ಹೇಳಿದೆ. ಕೊನೆಗೆ, "ಈ ಸಲದ ಹಶರ್ ಬಸಿಗಾಲುವೆಯಲ್ಲಿ ಮಾಡೋಣ. ಮೊದಲ ಕುಡುಗೋಲು ನನ್ನದು," ಅಂದೆ.

"ಮತ್ತೆ ಇದೂ ನಿಮ್ಮದೇ ಸಲಹೆ," ಅಂದರು ಬಾಬಾ. "ನಿಮ್ಮ ಮಾತು ಇನ್ನ್ ಹೆಂಗ್ ನಂಬೋದು ಉಸ್ತಾ?"

ಜನ ನಕ್ಕರು. ನನಗೆ ನಗು ಬರಲಿಲ್ಲ. ಅವರು ಕೇಳಿದ್ದು ನ್ಯಾಯವಾಗಿತ್ತು.

"ನಂಬ್ಬೇಡಿ. ಅಳೆದು ನೋಡಿ," ಅಂದೆ. "ಇವತ್ತು ಈ ಹಳ್ಳದಲ್ಲಿ ಹಸಿ ಎಲ್ಲೀವರೆಗೂ ಇದೆಯೋ ಅಲ್ಲಿಗೆ ಗೋಡೆ ಮೇಲೆ ಗುರುತು ಹಾಕ್ತೀನಿ. ಬಸಿಗಾಲುವೆ ಬಿಡಿಸಿ ಒಂದ್ ತಿಂಗಳಾದ್ಮೇಲೆ ಬಂದು ನೋಡಿ. ಹಸಿ ಇಳಿದಿದ್ರೆ ನಾನ್ ಹೇಳಿದ್ದು ಸರಿ. ಇಳಿದಿಲ್ಲ ಅಂದ್ರೆ ನನ್ನ ಮಗಳನ್ನ ಕೇಳಿ."

ಹಶರ್ ಒಂಬತ್ತು ದಿನ ನಡೆಯಿತು. ಸೊಂಟದ ಮಟ್ಟದ ತಣ್ಣೀರಲ್ಲಿ ನಿಂತು ಜೊಂಡು ಕೊಯ್ದೆವು, ಬೇರು ಎಳೆದೆವು. ನನ್ನ ಬೆನ್ನು ಹಿಡಿಯಿತು, ಬಿಟ್ಟಿತು, ಮತ್ತೆ ಹಿಡಿಯಿತು. ಹತ್ತನೆಯ ದಿನ ಕಂದು ಬಣ್ಣದ ನೀರು ಮೆಲ್ಲಗೆ ಮರಳುಗಾಡಿನ ಕಡೆ ಹರಿಯತೊಡಗಿತು. ದಡದಲ್ಲಿ ನಿಂತ ಇಂತಿಜಾರ್ ಮತ್ತು ಅವಳ ಶಾಲೆಯ ಹುಡುಗಿಯರು ಒಂದು ಕಡ್ಡಿಗೆ ಗೀರು ಹಾಕಿ ನೀರಿಗೆ ನೆಟ್ಟು ಪ್ರತಿದಿನ ನೋಡಿ ಬರೆದಿಟ್ಟುಕೊಂಡರು.

ತಿಂಗಳಾದ ಮೇಲೆ ಕಲಂದರನ ಮನೆಗೆ ಹೋದೆ. ಅಷ್ಟರಲ್ಲಿ ಅವನು ಸಿಮೆಂಟ್ ಗಿಲಾವನ್ನೆಲ್ಲ ಕೆತ್ತಿ ತೆಗೆದಿದ್ದ, ಮನೆಯ ಸುತ್ತ ಎರಡು ಮಾರು ಅಗಲದ ಹೂಳನ್ನು ಬಗೆದು ತೋಟಕ್ಕೆ ಹಾಕಿದ್ದ. ಮೂರು ಮೆಟ್ಟಿಲೂ ಹೊರಗೆ ಬಂದಿದ್ದವು. ಗೋಡೆಯ ಬುಡದಲ್ಲಿ ಇನ್ನಷ್ಟು ಆಳಕ್ಕೆ ತೋಡಿ ನೋಡಿದೆ, ಹಸಿ ನನ್ನ ಗುರುತಿಗಿಂತ ಒಂದು ಮೊಳ ಕೆಳಗೆ ಇಳಿದಿತ್ತು. ಬಾಬಾ ಬಂದು ಕೋಲು ಇಳಿಬಿಟ್ಟು ಅಳೆದು ನೋಡಿದರು, ತಲೆಯಾಡಿಸಿ ಹೋದರು.

ಕೆಟ್ಟ ಇಟ್ಟಿಗೆಗಳನ್ನು ಒಂದೊಂದಾಗಿ ಬಿಚ್ಚಿ ಹೊಸದು ಕೂರಿಸಿದೆ. ಕೊನೆಗೆ ಜೊಂಡಿನ ಕೆಳಗೆ ಒಂದು ಗೇಣು ಬಿಟ್ಟು, ಅಡಿಪಾಯದ ಮೇಲೆ ಮನೆಯ ಸುತ್ತಲೂ ಒಂದು ಆಳವಾದ ಗೆರೆ ಕೊರೆದು ಅದಕ್ಕೆ ಕೆಂಪು ಬಣ್ಣ ತುಂಬಿದೆ. ಕಲಂದರ್ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು ನೋಡುತ್ತಿದ್ದ.

"ಇದು ಯಾಕೆ?"

"ಈ ಗೆರೆ ದಾಟಿ ಮಣ್ಣು ಹಾಕ್ಬೇಡ."

ಅವನು ಗೆರೆಯ ಮೇಲೆ ಬೆರಳಾಡಿಸಿದ. "ಹಾಕಲ್ಲ ಉಸ್ತಾ. ನಾಳೆ ನೀವೇ ಬಂದು ಹಾಕು ಅಂದ್ರೂ ಹಾಕಲ್ಲ," ಅಂದ.

ಎದೆ ಚುರುಕ್ಕೆಂದಿತು. ಆದರೆ ಮೂವತ್ತೆಂಟು ವರ್ಷದಲ್ಲಿ ನನ್ನ ಗೋಡೆಗೆ ಇಷ್ಟು ಒಳ್ಳೆಯ ಕಾವಲು ಸಿಕ್ಕಿರಲಿಲ್ಲ.

"ಹಾಗೇ ಮಾಡು," ಅಂದೆ. ಕರಣೆ ಒರೆಸಿ ಚೀಲಕ್ಕೆ ಹಾಕಿಕೊಂಡೆ. ಬಣ್ಣದ ಡಬ್ಬಿ ಹಿಡಿದು, ಅಂಗಳ ಎತ್ತರಿಸಲು ನಾನು ಹೇಳಿದ್ದ ಮುಂದಿನ ಮನೆಯ ಬಾಗಿಲು ತಟ್ಟಿದೆ.